ಹುಲ್ಲಿನ ಉಂಗುರ

ಹೊಳೆ ಒಂದು ದೊಡ್ಡ ಬಂಡೆಯನ್ನು ಬಳಸಿ ತಿರುಗುವ ಕಡೆ ಮೋನಮ್ಮನ ಮನೆ ಇತ್ತು. ಮನೆ ಎಂದರೆ ಒಂದು ಕೋಣೆ, ಮುಂದೊಂದು ಚಪ್ಪರ, ಚಪ್ಪರದ ಕೆಳಗೆ ಕುಲುಮೆ.

ಮೋನಮ್ಮ ಅಕ್ಕಸಾಲಿಗರ ಮಗಳು. ತಂದೆಯಿಂದ ಕಲಿತ ಬೆಳ್ಳಿ ಕೆಲಸವನ್ನು ತಲೆ ನರೆತ ಮೇಲೂ ಬಿಟ್ಟಿರಲಿಲ್ಲ. ಕಲಿಯಲು ಬಂದವರೆಲ್ಲ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದರು. ಬಂದವರಲ್ಲಿ ಬಹಳ ಮಂದಿ ಬೇಗ ಬೇಸತ್ತು ಹೊರಟುಹೋಗುತ್ತಿದ್ದರು. ಅವಳು ಬಾಯಿಬಿಟ್ಟು ಹೇಳಿಕೊಡುವುದು ಅಷ್ಟು ಕಡಿಮೆ. ಪಕ್ಕದಲ್ಲಿ ಕೂತು ತನ್ನ ಕೆಲಸ ಮಾಡುತ್ತಿದ್ದಳು, ಅಷ್ಟೆ.

ಚಿದಾನಂದ ಉಳಿದುಕೊಂಡ.

ಕಾಲುಂಗುರ, ಉಡಿದಾರ, ದೇವರ ಮುಖವಾಡ, ಇವುಗಳಲ್ಲಿ ಅವನಿಗೆ ಮನಸ್ಸಿರಲಿಲ್ಲ. ಬೆಳಗಿನ ಮಂಜಿನಲ್ಲಿ ಹೊಳೆಯ ದಂಡೆಗುಂಟ ಅಲೆಯುವುದು ಅವನ ಹುಚ್ಚು. ನೀರೆಲ್ಲಿ ಮುಗಿಯಿತು, ಮಂಜೆಲ್ಲಿ ಶುರುವಾಯಿತು ಎಂದು ತಿಳಿಯದ ಆ ಹೊತ್ತಿನಲ್ಲಿ ಅವನ ಕಣ್ಣಿಗೆ ಬೀಳದ ವಸ್ತುವಿರಲಿಲ್ಲ. ಹಸಿರೆಲ್ಲ ಕೊಳೆತು ನರಗಳಷ್ಟೇ ಉಳಿದ ಅರಳಿ ಎಲೆ. ಎಕ್ಕದ ಮೊಗ್ಗು. ಹಾವು ಬಿಟ್ಟುಹೋದ ಪೊರೆ. ಸತ್ತುಬಿದ್ದ ದುಂಬಿಯ ರೆಕ್ಕೆ. ಎಲ್ಲವನ್ನೂ ಅಂಗೈಯಲ್ಲಿಟ್ಟುಕೊಂಡು, ನಿದ್ದೆಯಲ್ಲಿ ನಡೆಯುವವನ ಹಾಗೆ ಚಪ್ಪರಕ್ಕೆ ಮರಳುತ್ತಿದ್ದ.

ಆಮೇಲೆ ಅವು ಬೆಳ್ಳಿಯಾಗುತ್ತಿದ್ದವು.

ಎಲೆಗೆ ತೆಳ್ಳಗೆ ಜೇನುಮೇಣ ಸವರುವುದು. ಅದರ ಮೇಲೆ ಸೋಸಿದ ಮಣ್ಣನ್ನು ಪದರ ಪದರವಾಗಿ ಬಳಿದು ನೆರಳಿನಲ್ಲಿ ಒಣಗಿಸುವುದು. ಒಣಗಿದ ಅಚ್ಚನ್ನು ಬೆಂಕಿಗಿಟ್ಟರೆ ಮೇಣ ಕರಗಿ ಅಚ್ಚಿಗೆ ಬಿಟ್ಟ ತೂತಿನಿಂದ ಹರಿಯುತ್ತದೆ, ಒಳಗಿನ ಎಲೆ ಸುಟ್ಟು ಬೂದಿಯಾಗುತ್ತದೆ. ಬೂದಿಯನ್ನು ಊದಿ ತೆಗೆದರೆ ಎಲೆಯಿದ್ದ ಜಾಗ ಎಲೆಯ ಆಕಾರದಲ್ಲೇ ಖಾಲಿ ಉಳಿಯುತ್ತದೆ. ಆ ಖಾಲಿಗೆ ಬೆಳ್ಳಿ ಹೊಯ್ಯುವುದು.

ಬೆಳ್ಳಿ ಮೂಸೆಯಲ್ಲಿ ಕರಗುವಾಗ ಒಂದು ಗಳಿಗೆ ಬರುತ್ತದೆ. ಅಲ್ಲಿಯತನಕ ಮಂಕಾಗಿ ಮುದುಡಿಕೊಂಡಿದ್ದದ್ದು ತಟ್ಟನೆ ಮೈಬಿಟ್ಟು, ಒಂದು ಕಣ್ಣಿನ ಹಾಗೆ ತೆರೆದು ನೋಡುತ್ತದೆ. ಆ ಗಳಿಗೆಗಾಗಿ ಚಿದಾನಂದ ಊಟ ಮರೆಯುತ್ತಿದ್ದ.

ಅವನ ಒಡವೆಗಳು ಊರೂರಿನ ಕರಕುಶಲ ಮೇಳಗಳಿಗೆ ಹೋದವು. ಕಪ್ಪು ಬಟ್ಟೆಯ ಮೇಲೆ ಅವನು ಎಲೆ, ಮೊಗ್ಗು, ರೆಕ್ಕೆಗಳನ್ನು ಹರಡಿ ಕೂತರೆ ಮೇಳದ ಗದ್ದಲ ಅವನ ಮಳಿಗೆಯ ಮುಂದೆ ಬಂದು ತಗ್ಗುತ್ತಿತ್ತು. ಜನ ಬಗ್ಗಿ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ದನಿ ಸಣ್ಣದಾಗುತ್ತಿತ್ತು.

ಒಮ್ಮೆ ಮೇಳದಿಂದ ಮರಳಿ ಬಂದವನು ಅರಳಿ ಎಲೆಯ ಪದಕವೊಂದನ್ನು ಅವ್ವನ ಮುಂದೆ ಹಿಡಿದ.

"ಇದಿನ್ನು ಬಾಡುವುದಿಲ್ಲ, ಅಲ್ಲವೇ ಅವ್ವಾ?"

ಅವ್ವ ಅದನ್ನು ತಿರುಗಿಸಿ ನೋಡಿದಳು.

"ಎಲೆ ಎಲ್ಲಿದೆ?" ಎಂದಳು.

"ಇದೇ ಎಲೆ."

"ಇದು ಬೆಳ್ಳಿ. ಚೆನ್ನಾಗಿದೆ. ನಾನು ಎಲೆ ಎಲ್ಲಿದೆ ಅಂತ ಕೇಳಿದೆ."

ಅವ್ವ ಆಗಾಗ ಹೀಗೆ ಏನಾದರೂ ಕೇಳುವವಳೇ. ಚಿದಾನಂದ ನಕ್ಕು ಪದಕವನ್ನು ಬಟ್ಟೆಯಲ್ಲಿ ಸುತ್ತಿಟ್ಟ.

ಮುಂದಿನ ಮೇಳದಲ್ಲಿ, ಇಳಿಹೊತ್ತಿಗೆ, ಖಾಕಿ ತೊಟ್ಟ ಹೆಂಗಸೊಬ್ಬಳು ಅವನ ಮಳಿಗೆಗೆ ಬಂದಳು. ಬಸ್ ಕಂಡಕ್ಟರ್. ಹೆಗಲಿನ ಚೀಲ ಇನ್ನೂ ಇಳಿಸಿರಲಿಲ್ಲ. ಯಾವ ಒಡವೆಯನ್ನೂ ಮುಟ್ಟದೆ, ಇವು ನಿಜವಾದ ಎಲೆಗಳನ್ನೇ ಇಟ್ಟು ಎರಕ ಹೊಯ್ದದ್ದು ಹೌದೇ ಎಂದು ಕೇಳಿದಳು. ಹೌದೆಂದ.

ಅವಳು ಚೀಲದೊಳಗಿಂದ ಕುಂಕುಮದ ಭರಣಿಯೊಂದನ್ನು ತೆಗೆದಳು. ಅದರಲ್ಲಿ ಕುಂಕುಮವಿರಲಿಲ್ಲ. ಹತ್ತಿಯ ಮೇಲೆ ಒಂದು ಹುಲ್ಲಿನ ಉಂಗುರವಿತ್ತು. ಒಣಗಿ ಕಂದುಬಣ್ಣಕ್ಕೆ ತಿರುಗಿದ್ದ, ಒಂದರ ಮೇಲೊಂದು ಹತ್ತಿಕೊಂಡ ವಕ್ರವಕ್ರ ಹೆಣಿಗೆ.

"ನನ್ನ ಮಗಳು ಮಾಡಿದ್ದು," ಎಂದಳು. "ಭುವಿ ಅಂತ."

ಅವಳ ಹೆಸರು ಕಸ್ತೂರಿ. ಮಗಳು ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಹೋಗಿದ್ದಳು. ಉಂಗುರವನ್ನು ಎಷ್ಟು ಜೋಪಾನ ಮಾಡಿದರೂ ಭರಣಿ ತೆಗೆದಾಗಲೆಲ್ಲ ಹತ್ತಿಯ ಮೇಲೆ ಒಂದಿಷ್ಟು ಪುಡಿ ಉದುರಿರುತ್ತಿತ್ತು. ಹೀಗೇ ಬಿಟ್ಟರೆ ಒಂದು ದಿನ ಪುಡಿಯಷ್ಟೇ ಉಳಿಯುತ್ತದೆ ಎಂದು ಅವಳು ಹೇಳಿದಳು. ಅದಕ್ಕೇ ಬಂದದ್ದು.

ಹುಲ್ಲು ಸುಟ್ಟುಹೋಗುತ್ತದೆ ಎಂದು ಚಿದಾನಂದ ಹೇಳಿದ. ಅವಳು ಬಹಳ ಹೊತ್ತು ಭರಣಿಯ ಮುಚ್ಚಳವನ್ನು ತಿರುಗಿಸುತ್ತ ನಿಂತಳು.

"ಬೆಳ್ಳಿ ಉಳಿಯುತ್ತದಲ್ಲ?"

"ಉಳಿಯುತ್ತದೆ ಅಕ್ಕಾ. ಒಂದು ಎಳೆಯೂ ಬದಲಾಗದ ಹಾಗೆ ಮಾಡಿಕೊಡುತ್ತೇನೆ."

ಅವಳು ಭರಣಿಯನ್ನು ಅವನ ಕೈಗಿಟ್ಟಳು. ರಜೆ ಸಿಕ್ಕಿದ ದಿನ ತಾನೇ ಬಂದು ಒಯ್ಯುತ್ತೇನೆ ಎಂದು, ಹೊಳೆಯ ದಾರಿ ಕೇಳಿಕೊಂಡು ಹೋದಳು.

ಚಿದಾನಂದ ಇದನ್ನು ಅವ್ವನಿಗೆ ಹೇಳಿದ. ಅವ್ವ ಉಂಗುರವನ್ನು ನೋಡಿದಳು, ಮುಟ್ಟಲಿಲ್ಲ. ಮಣ್ಣು ಪೂರ್ತಿ ಒಣಗಲಿ, ಅವಸರ ಬೇಡ ಎಂದಷ್ಟೇ ಹೇಳಿ ತಂಗಿಯ ಊರಿಗೆ ಹೋದಳು. ತಂಗಿಗೆ ಮೈ ಹುಷಾರಿರಲಿಲ್ಲ.

ಅವನು ಮೇಣ ಸವರಿದ, ಮಣ್ಣು ಬಳಿದ. ಇಷ್ಟು ನಾಜೂಕಿನ ಕೆಲಸ ಹಿಂದೆಂದೂ ಅವನ ಕೈಗೆ ಬಂದಿರಲಿಲ್ಲ. ಬಳಿಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಆದರೆ ಅಚ್ಚು ನೆರಳಿನಲ್ಲಿ ಕೂತಿದ್ದ ದಿನಗಳಲ್ಲಿ ಮೋಡ ಕವಿಯಿತು, ಹೊಳೆಯ ಮೇಲಿನ ಗಾಳಿ ಒದ್ದೆಯಾಯಿತು. ಅಷ್ಟರಲ್ಲಿ ಇನ್ನೊಂದು ಮೇಳದವರು ಕರೆದರು. ಈ ಉಂಗುರವನ್ನು ಅಲ್ಲಿಗೆ ಒಯ್ದು ನಾಲ್ಕು ಜನರಿಗೆ ತೋರಿಸಿ ಆಮೇಲೆ ಅವಳಿಗೆ ಕೊಡಬೇಕು ಎಂಬ ಆಸೆ ಅವನ ಮನಸ್ಸಿನಲ್ಲಿ ಯಾವಾಗಲೋ ಬಂದು ಕೂತಿತ್ತು.

ಅಚ್ಚನ್ನು ಬೆರಳಿಂದ ತಟ್ಟಿದ. ಒಣಗಿದೆ ಎನ್ನಿಸಿತು. ಒಣಗಿದೆ ಎಂದುಕೊಂಡ. ಮೇಣ ಹರಿದು ಹುಲ್ಲು ಸುಟ್ಟ ಕೂಡಲೇ ಅಚ್ಚನ್ನು ಬೆಂಕಿಯಿಂದ ತೆಗೆದ.

ಬೆಳ್ಳಿ ಹೊಯ್ದ ಮರುಗಳಿಗೆ ಅಚ್ಚಿನೊಳಗೆ ಅಡಗಿದ್ದ ತೇವ ಆವಿಯಾಗಿ ಸಿಡಿಯಿತು. ಸದ್ದೇನೂ ದೊಡ್ಡದಲ್ಲ. ಒಣ ಕಾಯಿ ಬಿರಿದಷ್ಟೆ. ಅಚ್ಚು ಬಿರುಕುಬಿಟ್ಟು ಬೆಳ್ಳಿ ಪಕ್ಕಕ್ಕೆ ಹರಿಯಿತು.

ಆರಿದ ಮೇಲೆ ಮಣ್ಣು ಒಡೆದು ನೋಡಿದ. ಒಂದು ತುದಿಯಲ್ಲಿ ಉಗುರಿನಷ್ಟು ಹೆಣಿಗೆ ಸ್ಪಷ್ಟವಾಗಿ ಮೂಡಿತ್ತು. ಉಳಿದದ್ದು ಆಕಾರವಿಲ್ಲದ ಬೆಳ್ಳಿಯ ಮುದ್ದೆ.

ಹುಲ್ಲು ಎಲ್ಲೂ ಇರಲಿಲ್ಲ.

ಅವನು ಕುಲುಮೆಯ ಮುಂದೆ ಕೂತೇ ಇದ್ದ. ಹೊಳೆ ಹರಿಯುತ್ತಿತ್ತು. ಬಂಡೆಯ ಮೇಲೆ ಬೆಳ್ಳಕ್ಕಿಯೊಂದು ನಿಂತಿತ್ತು, ಆಮೇಲೆ ಇರಲಿಲ್ಲ. ಬೆಳಕು ಚಪ್ಪರದ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯಿತು. ಇದೆಲ್ಲ ಬೇರೆ ಯಾರಿಗೋ ಆದದ್ದು, ತಾನು ಯಾರದೋ ಕನಸಿನ ಅಂಚಿನಲ್ಲಿ ಕೂತಿದ್ದೇನೆ, ಅವರು ಎಚ್ಚರಾದರೆ ಸರಿಹೋಗುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಯಾರೂ ಎಚ್ಚರಾಗಲಿಲ್ಲ.

ಕೊನೆಗೆ ಎದ್ದು ದಂಡೆಗೆ ಹೋದ. ಉದ್ದನೆಯ ಹುಲ್ಲು ಕಿತ್ತು ತಂದ. ನೆನಪಿನಲ್ಲಿದ್ದಷ್ಟನ್ನು ನೆನೆಸಿಕೊಂಡು ಒಂದು ಉಂಗುರ ಹೆಣೆದ. ಒಣಗಿಸಿ, ಮೇಣ ಸವರಿ, ಮಣ್ಣು ಬಳಿದು, ಈ ಸಲ ಬೇಕಾದಷ್ಟು ದಿನ ಕಾದ. ಮೇಳಕ್ಕೂ ಹೋಗಲಿಲ್ಲ.

ಎರಕ ನಿಂತಿತು. ಅಂಟುವಾಳದ ನೀರಲ್ಲಿ ತಿಕ್ಕಿ ತೊಳೆದಾಗ ಹುಲ್ಲಿನ ಗೆರೆಗೆರೆಯೂ ಎದ್ದು ಕಾಣುತ್ತಿತ್ತು. ಅವನು ಮಾಡಿದ್ದರಲ್ಲೆಲ್ಲ ಅದೇ ಚೆಂದದ್ದು.

ಅವ್ವ ಊರಿನಿಂದ ಬಂದ ದಿನ ಅದನ್ನು ಅವಳ ಕೈಯಲ್ಲಿಟ್ಟ. ಅಚ್ಚು ಒಡೆದದ್ದನ್ನು ಹೇಳಲಿಲ್ಲ.

ಅವ್ವ ಬೆಳಕಿಗೆ ಹಿಡಿದು ನೋಡಿದಳು.

"ಬಹಳ ಚೆನ್ನಾಗಿದೆ," ಎಂದಳು. "ಯಾರು ಹೆಣೆದದ್ದು?"

ಮಗುವಿನ ಹೆಸರು ಮರೆತು ಕೇಳಿದ್ದಿರಬಹುದು. ಗೊತ್ತಾಗಿಯೇ ಕೇಳಿದ್ದಿರಬಹುದು. ಯಾವುದು ನಿಜವೆಂದು ಚಿದಾನಂದನಿಗೆ ಮುಂದೆಯೂ ತಿಳಿಯಲಿಲ್ಲ. ಭುವಿ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಎರಡು ಅಕ್ಷರ ಅವನ ಬಾಯಿಗೆ ಬರಲಿಲ್ಲ.

ಎಲ್ಲ ಹೇಳಿದ. ಮೋಡ, ಮೇಳ, ತನ್ನ ಅವಸರ, ಒಡೆದ ಅಚ್ಚು. ಮುದ್ದೆಯನ್ನೂ ತಂದು ಮುಂದಿಟ್ಟ.

ಅವ್ವ ಬೈಯಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

"ಆಕೆಗೆ ಇದನ್ನೇ ಕೊಟ್ಟರೆ ಗೊತ್ತಾಗುವುದಿಲ್ಲ ಅವ್ವಾ."

"ಗೊತ್ತಾಗಲಿಕ್ಕಿಲ್ಲ."

"ಸಮಾಧಾನವಾಗುತ್ತದೆ."

"ಆಗುತ್ತದೆ."

"ಹಾಗಾದರೆ ಕೊಡುವುದರಲ್ಲಿ ತಪ್ಪೇನು?"

ಅವ್ವ ಆ ಚೆಂದದ ಉಂಗುರವನ್ನು ಅವನ ಕಿರುಬೆರಳಿಗೆ ತೊಡಿಸಿದಳು.

"ಆಕೆ ಬರುವತನಕ ನೀನು ಹಾಕಿಕೊಂಡಿರು," ಎಂದು ಒಳಗೆ ಹೋದಳು.

ಅವನು ಹಾಕಿಕೊಂಡ. ಕೈತೊಳೆಯುವಾಗ ಅದು ನೀರಿನೊಳಗಿಂದ ನೋಡಿತು. ಉಣ್ಣುವಾಗ ತುತ್ತಿನ ಪಕ್ಕದಲ್ಲಿ ಬಂತು. ಬೆಳ್ಳಿ ಉಜ್ಜುವ ಅರ ಹಿಡಿದು ಬೇರೆ ಕೆಲಸಕ್ಕೆ ಕೂತರೆ ಕಣ್ಣು ಅರದ ಮೇಲೆ ನಿಲ್ಲದೆ ಬೆರಳಿಗೆ ಜಾರುತ್ತಿತ್ತು. ನಿದ್ದೆಯಲ್ಲಿ ಅವನಿಗೆ ಖಾಕಿ ಬಟ್ಟೆಯ ಹೆಂಗಸು ಕಾಣಿಸಿಕೊಳ್ಳುತ್ತಿದ್ದಳು. ಮುದುಕಿಯಾಗಿದ್ದಳು. ಬೆರಳಿನ ಉಂಗುರವನ್ನು ತುಟಿಗೆ ಒತ್ತಿಕೊಂಡು, ಚಿದಾನಂದನ ಕೈ ಹೆಣೆದ ಹುಲ್ಲಿಗೆ, ಭುವಿ, ಭುವಿ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅವ್ವ ಕೇಳಿದಳು, "ಹೇಗಿದೆ?"

"ಭಾರವಾಗಿದೆ."

"ಅದರಲ್ಲಿ ಅಷ್ಟೊಂದು ಬೆಳ್ಳಿ ಇಲ್ಲವಲ್ಲ."

ಚಿದಾನಂದ ಕುಲುಮೆ ಹೊತ್ತಿಸಿದ. ಉಂಗುರವನ್ನು ತೆಗೆದು ಮೂಸೆಗೆ ಹಾಕಿದ. ಅದು ಮಂಕಾಯಿತು, ಮುದುಡಿತು, ತಟ್ಟನೆ ಕಣ್ಣು ತೆರೆಯಿತು. ಅವನು ಈ ಸಲ ಮುಖ ತಿರುಗಿಸಿಕೊಂಡ.

"ಕರಗಿಸು ಅಂತ ನಾನು ಹೇಳಲಿಲ್ಲ," ಎಂದಳು ಅವ್ವ.

"ಇಲ್ಲ ಅವ್ವಾ."

ಕಸ್ತೂರಿ ಬಂದಳು. ಖಾಕಿಯಲ್ಲಿರಲಿಲ್ಲ. ಹಸಿರು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮದುವೆ ಮನೆಗೆ ಹೊರಟವಳ ಹಾಗೆ ಬಂದಿದ್ದಳು. ಅವಳು ಕಾಲುದಾರಿಯಲ್ಲಿ ಇಳಿದು ಬರುತ್ತಿರುವುದನ್ನು ಕಂಡು ಚಿದಾನಂದ ಅವ್ವನ ಕಡೆ ತಿರುಗಿದ.

"ಅವ್ವಾ, ನೀವೇ ಹೇಳಿಬಿಡಿ."

"ಅಚ್ಚು ಒಡೆದಾಗ ನಾನು ಇದ್ದೆನೇ ಮಗಾ?"

ಅವನೇ ಹೇಳಿದ. ಕಸ್ತೂರಿ ಚಾಪೆಯ ಮೇಲೆ ಕೂತು ಕೇಳಿದಳು. ಮಣ್ಣು ಒಣಗಿರಲಿಲ್ಲ ಎಂಬುದನ್ನು ಹೇಳಿದ. ಯಾಕೆ ಕಾಯಲಿಲ್ಲ ಎಂಬುದನ್ನೂ ಹೇಳಿದ. ಬೇರೊಂದು ಮಾಡಿ ಕೊಟ್ಟುಬಿಡಲು ಹೊರಟಿದ್ದೆ ಎಂಬುದನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿ, ಉಗುರಿನಷ್ಟು ಹೆಣಿಗೆ ಉಳಿದಿದ್ದ ಆ ಮುದ್ದೆಯನ್ನು ಅವಳ ಮುಂದಿಟ್ಟ.

ಅವಳು ಅದನ್ನು ನೋಡಿದಳು. ಅವನನ್ನು ನೋಡಿದಳು.

"ನಾಲ್ಕು ಜನರಿಗೆ ತೋರಿಸಬೇಕಿತ್ತು, ಅಲ್ಲವೇ?" ಎಂದಳು. ದನಿ ಏರಿರಲಿಲ್ಲ. "ಭರಣಿಯಲ್ಲೇ ಇದ್ದಿದ್ದರೆ ಇನ್ನೊಂದು ವರ್ಷವಾದರೂ ಇರುತ್ತಿತ್ತು ತಮ್ಮಾ."

ಅವಳು ಎದ್ದು ನೀರಿನ ಕಡೆ ಹೋದಳು. ಬಂಡೆಯ ಹತ್ತಿರ ಬೆನ್ನು ಮಾಡಿ ನಿಂತಳು. ಮಂಜು ಇನ್ನೂ ಪೂರ್ತಿ ಸರಿಯದಿದ್ದುದರಿಂದ ಒಮ್ಮೆ ಅವಳು ಕಾಣುತ್ತಿದ್ದಳು, ಒಮ್ಮೆ ಸೀರೆಯ ಹಸಿರಷ್ಟೇ ಕಾಣುತ್ತಿತ್ತು. ಅವನು ಏಳಲು ಹೋದ. ಅವ್ವ ಅವನ ಮೊಣಕಾಲ ಮೇಲೆ ಕೈಯಿಟ್ಟು ಕೂರಿಸಿದಳು. ತಾನೇ ನಿಧಾನವಾಗಿ ಎದ್ದು, ಸೊಂಟ ಹಿಡಿದುಕೊಂಡು, ದಂಡೆಗೆ ನಡೆದಳು.

ಅವ್ವ ಕಸ್ತೂರಿ ನಿಂತಿದ್ದಲ್ಲಿಗೆ ಹೋಗಿ ನೆಲದ ಮೇಲೆ ಕೂತಳು. ಕೈಗೆ ಸಿಕ್ಕಿದ ಹುಲ್ಲು ಕಿತ್ತುಕೊಂಡು ಉಂಗುರ ಹೆಣೆಯತೊಡಗಿದಳು.

ಚಿದಾನಂದನಿಗೆ ತಡೆಯಲಾಗಲಿಲ್ಲ. ಅವನೂ ಹೋಗಿ ಸ್ವಲ್ಪ ದೂರದಲ್ಲಿ ನಿಂತ. ಅವ್ವನ ಬೆರಳು ಬೆಳ್ಳಿಯ ತಂತಿಯನ್ನು ಕೂದಲಿನ ಹಾಗೆ ಹೆಣೆಯುವುದನ್ನು ಅವನು ನೋಡಿದ್ದ. ಈಗ ಆ ಬೆರಳುಗಳು ತಡವರಿಸುತ್ತಿದ್ದವು. ಹೆಣಿಗೆ ಬಿಚ್ಚಿಕೊಳ್ಳುತ್ತಿತ್ತು. ಬಿಸಾಡಿ ಬೇರೆ ಹುಲ್ಲು ಕೀಳುತ್ತಿದ್ದಳು. ಅದೂ ಬಿಚ್ಚಿಕೊಳ್ಳುತ್ತಿತ್ತು.

ಕಸ್ತೂರಿ ಮೊದಲು ನೋಡಲಿಲ್ಲ. ಆಮೇಲೆ ಓರೆಗಣ್ಣಿನಲ್ಲಿ ನೋಡಿದಳು. ಆಮೇಲೆ ಅವಳ ಹುಬ್ಬು ಗಂಟಿಕ್ಕಿತು.

"ಹಾಗಲ್ಲ ಅವ್ವಾ," ಎಂದಳು.

ಅವ್ವ ಕೇಳಿಸದವಳಂತೆ ಮತ್ತೆ ಹೆಣೆದಳು. ಮತ್ತೆ ಬಿಚ್ಚಿತು.

"ಹಾಗಲ್ಲ. ಅವಳು ಬುಡದಿಂದ ಶುರು ಮಾಡುತ್ತಿರಲಿಲ್ಲ."

"ಮತ್ತೆ?"

ಕಸ್ತೂರಿ ಅವ್ವನ ಪಕ್ಕದಲ್ಲಿ ಕುಳಿತು ಹುಲ್ಲು ಕಸಿದುಕೊಂಡಳು. ಮಗಳು ಹೋದ ಮೇಲೆ ಅವಳು ಹುಲ್ಲನ್ನು ಮುಟ್ಟಿರಲಿಲ್ಲ. ಬೆರಳುಗಳು ಒಂದು ಗಳಿಗೆ ಹಾಗೇ ನಿಂತವು. ಆಮೇಲೆ ತಾವಾಗಿಯೇ ಹೊರಟವು.

"ತುದಿಯಿಂದ," ಎಂದಳು. "ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಆಮೇಲೆ ಹೀಗೆ ಮೇಲೆ, ಹೀಗೆ ಕೆಳಗೆ. ನಡುವೆ ಒಂದು ಬಿಟ್ಟುಬಿಡುತ್ತಿದ್ದಳು. ಮರೆತು ಅಲ್ಲ, ಬೇಕೆಂದೇ. ಅದು ಕಿಟಕಿ ಅನ್ನುತ್ತಿದ್ದಳು."

ಮಾತು ಬಂತು. ನಿಲ್ಲಲಿಲ್ಲ. ಸಂಜೆ ತನ್ನ ಬಸ್ಸು ಬರುವತನಕ ಮಗು ಡಿಪೊ ಹಿಂದಿನ ಬಯಲಿನಲ್ಲಿ ಕೂತಿರುತ್ತಿದ್ದದ್ದನ್ನು ಹೇಳಿದಳು. ತಾನು ಇಳಿದ ಕೂಡಲೇ ಮಗು ಓಡಿಬಂದು ಟಿಕೆಟ್ ಕೊಡು ಎನ್ನುತ್ತಿದ್ದಳಂತೆ. ಕೊಡದಿದ್ದರೆ ಮನೆತನಕ ಜಗಳವಂತೆ. ಕೊಟ್ಟರೆ ಅದಕ್ಕೆ ಬದಲು ಒಂದು ಹುಲ್ಲಿನ ಉಂಗುರ. ದಿನಾ ಒಂದು. ಅವನ್ನೆಲ್ಲ ತಾನು ಮನೆ ಸೇರಿದ ಮೇಲೆ ಎಲ್ಲೆಂದರಲ್ಲಿ ಬಿಸಾಡಿಬಿಡುತ್ತಿದ್ದೆ, ಕೊನೆಯದೊಂದು ಹೇಗೋ ಚೀಲದ ತಳದಲ್ಲಿ ಉಳಿದಿತ್ತು ಎಂದಳು. ಮಗಳು ಹೋದಾಗಿನಿಂದ ಆ ಒಂದು ಉಂಗುರವನ್ನು ಬಿಟ್ಟು ಬೇರೇನೂ ತನಗೆ ನೆನಪಾಗುತ್ತಿರಲಿಲ್ಲ, ಮುಖವೂ ಫೋಟೋದಲ್ಲಿದ್ದ ಹಾಗೇ ಬರುತ್ತಿತ್ತು ಎಂದಳು.

ಹೇಳುತ್ತ ಹೇಳುತ್ತ ಅವಳು ಎರಡು ಸಲ ನಕ್ಕಳು. ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಅದನ್ನು ಒರೆಸಿಕೊಳ್ಳಲು ಅವಳ ಕೈ ಬಿಡುವಾಗಿರಲಿಲ್ಲ.

ಉಂಗುರ ಮುಗಿಯಿತು. ಹಸಿ ಹಸಿರು. ನಡುವೆ ಒಂದು ಸಣ್ಣ ಕಿಟಕಿ.

ಅವಳು ಅದನ್ನು ಬೆರಳಿಗೆ ಹಾಕಿಕೊಂಡು ಕೈ ಚಾಚಿ ನೋಡಿದಳು. ಮಂಜು ಸರಿದಿತ್ತು. ಹೊಳೆಯ ಬೆಳಕು ಅವಳ ಅಂಗೈಯ ಕೆಳಗೆ ಅಲುಗುತ್ತಿತ್ತು.

ಚಿದಾನಂದ ಹತ್ತಿರ ಬಂದ. ಇದನ್ನಾದರೂ ಬೆಳ್ಳಿ ಮಾಡಿಕೊಡಲೇ, ಎಷ್ಟು ದಿನವಾದರೂ ಕಾಯುತ್ತೇನೆ ಎಂದು ಹೇಳಬೇಕೆಂದಿದ್ದ. ಅವಳ ಮುಖ ನೋಡಿ ಆ ಮಾತು ಬಿಟ್ಟ.

"ತಪ್ಪಾಯಿತು ಅಕ್ಕಾ," ಎಂದ.

"ಆಯಿತು," ಎಂದಳು ಅವಳು. ಅದು ಕ್ಷಮೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಆ ಬೆಳ್ಳಿಯ ಮುದ್ದೆಯನ್ನು ಅವಳು ಭರಣಿಗೆ ಹಾಕಿ ಮುಚ್ಚಳ ತಿರುಗಿಸಿ ಚೀಲಕ್ಕೆ ಸೇರಿಸಿಕೊಂಡಳು. ಅವ್ವನ ಕಾಲಿಗೆ ನಮಸ್ಕಾರ ಮಾಡಿದಳು. ಅವ್ವ ಅವಳ ತಲೆ ಸವರಿ, ಬಿಸಿಲೇರುವ ಮುಂಚೆ ಮನೆ ಸೇರು ತಂಗಿ ಎಂದಳು.

ಮೇಲೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಕಸ್ತೂರಿ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲುದಾರಿ ಹತ್ತಿದಳು. ಬಸ್ಸು ನಿಂತದ್ದು, ಮತ್ತೆ ಹೊರಟದ್ದು ಕೇಳಿಸಿತು. ಆಮೇಲೆ ಹೊಳೆಯ ಸದ್ದೊಂದೇ ಉಳಿಯಿತು.

ಅವ್ವ ಇನ್ನೂ ದಂಡೆಯಲ್ಲೇ ಕೂತಿದ್ದಳು. ಚಿದಾನಂದ ಕೈಕೊಟ್ಟು ಎಬ್ಬಿಸಿದ.

"ಅವ್ವಾ, ಆಕೆ ಮನೆ ಮುಟ್ಟುವ ಹೊತ್ತಿಗೆ ಅದು ಬಾಡಿರುತ್ತದೆ."

"ಹೌದು," ಎಂದಳು ಅವ್ವ. "ನಾಳೆ ಮತ್ತೆ ಹೆಣೆಯಬೇಕಾಗುತ್ತದೆ."